ಫ್ರಾಂಸ್ವಾಝ್ ಆರ್ದಿಯ 'ಲಾ ಕೆಸ್ತಿಯೋಂ' ಕೇಳಿದವರು ಯಾರಾದರೂ ಇದ್ದೀರಾ?

ಕಿಟಕಿ_ಪಕ್ಕದ_ಸೀಟು

ಎಲ್ಲರಿಗೂ ನಮಸ್ಕಾರ. ಹೋದ ವಾರ ಬೆಂಗಳೂರಿನಿಂದ ಶಿರಸಿಗೆ ರಾತ್ರಿ ಬಸ್ಸಿನಲ್ಲಿ ಹೋಗುತ್ತಿದ್ದೆ. ತುಮಕೂರು ದಾಟಿದರೂ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಯಾವುದೋ ಹಾಡು ಮುಗಿದು, ಅದರ ಬೆನ್ನಿಗೇ ಇನ್ನೊಂದು ತಾನಾಗಿ ಶುರುವಾಯಿತು. ಒಂದು ಗಿಟಾರ್, ಒಂದು ಹೆಣ್ಣು ದನಿ. ಪಕ್ಕದ ಸೀಟಿನಲ್ಲಿ ಕೂತ ಯಾರೋ ಬೇರೆಯವರಿಗೆ ಎಚ್ಚರವಾಗದ ಹಾಗೆ ಮಾತಾಡುತ್ತಿದ್ದಾರೆ ಅನ್ನಿಸಿತು.

ಫ್ರೆಂಚ್ ಗಾಯಕಿ ಫ್ರಾಂಸ್ವಾಝ್ ಆರ್ದಿಯ ಆಲ್ಬಮ್, 1971ರದ್ದು. ಹನ್ನೆರಡು ಹಾಡು, ಎಲ್ಲ ಸೇರಿ ಅರ್ಧ ಗಂಟೆಗೆ ಸ್ವಲ್ಪ ಜಾಸ್ತಿ. ಹಾವೇರಿ ಬರುವಷ್ಟರಲ್ಲಿ ನಾಲ್ಕು ಸಲ ಕೇಳಿದ್ದೆ. ನನಗೆ ಫ್ರೆಂಚ್‌ನಲ್ಲಿ 'ಮೆರ್ಸಿ' ಬಿಟ್ಟರೆ ಏನೂ ಬರುವುದಿಲ್ಲ. ಆದರೂ ಇದು ನೆನಪಿನ ಆಲ್ಬಮ್, ಯಾರೋ ಬಿಟ್ಟುಹೋದ ಮೇಲೆ ಮಾಡಿದ್ದು ಅಂತ ಖಾತ್ರಿಯಾಗಿ ಅನ್ನಿಸಿತು. ಇದು ನಿಜವಾ, ಇಲ್ಲಾ ಕತ್ತಲು, ಬಸ್ಸು, ಮಳೆ ಸೇರಿ ಮಾಡಿದ ಮೋಸವಾ? ತಿಳಿದವರು ಹೇಳಿ.

ನೇರ_ಮಾತು

ಮೋಸ. ರಾತ್ರಿ ಬಸ್ಸಿನ ಕಿಟಕಿ ಪಕ್ಕ ಕೂತರೆ ಗೊಬ್ಬರದ ಜಾಹೀರಾತು ಕೇಳಿದರೂ ಕಣ್ಣಲ್ಲಿ ನೀರು ಬರುತ್ತದೆ. ಹಗಲು ಹನ್ನೊಂದಕ್ಕೆ, ಬಟ್ಟೆ ಒಣಗಿಸುತ್ತಾ ಇನ್ನೊಮ್ಮೆ ಕೇಳಿ ನೋಡಿ.

ಹಳೇ_ಕ್ಯಾಸೆಟ್

ನಾನು ಕೇಳಿದ್ದೇನೆ. ಬಟ್ಟೆ ಒಣಗಿಸುತ್ತಾ ಕೂಡ.

ಮೊದಲು ಹೆಸರಿನ ವಿಷಯ. ಇಂಗ್ಲಿಷ್ ನೋಡಿ 'ಹಾರ್ಡಿ' ಅಂತ ಓದುತ್ತೇವೆ. ಫ್ರೆಂಚರು ಹಕಾರ ಉಚ್ಚರಿಸುವುದಿಲ್ಲ, 'ಆರ್ದಿ' ಅನ್ನುತ್ತಾರೆ. ನಮ್ಮ ಮಂಡ್ಯದ ಕಡೆ ಹಾಲು 'ಆಲು' ಆಗುವುದಿಲ್ಲವಾ, ಹಾಗೆ. ನಾನು ಮಂಡ್ಯದವನೇ, ಯಾರೂ ಬೈಯಬೇಡಿ.

ಆಕೆ ಹುಟ್ಟಿದ್ದು 1944ರ ಜನವರಿಯಲ್ಲಿ, ಪ್ಯಾರಿಸ್‌ನಲ್ಲಿ. ಊರು ಆಗ ಜರ್ಮನ್ ಸೈನ್ಯದ ಕೈಯಲ್ಲಿತ್ತು. ಅಮ್ಮ ಒಬ್ಬಳೇ ಇಬ್ಬರು ಹೆಣ್ಣುಮಕ್ಕಳನ್ನು ಸಣ್ಣ ಮನೆಯಲ್ಲಿ ಸಾಕಿದಳು. ಅಪ್ಪನಿಗೆ ಬೇರೆ ಸಂಸಾರವಿತ್ತು, ಅಪರೂಪಕ್ಕೆ ಬಂದುಹೋಗುತ್ತಿದ್ದ. ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಓದುವ ಹುಡುಗಿಗೆ ಇದು ಹೇಳಿಕೊಳ್ಳಲಾಗದ ನಾಚಿಕೆ. ಶಾಲಾ ಪರೀಕ್ಷೆ ಪಾಸಾದಾಗ ಬಹುಮಾನವಾಗಿ ಗಿಟಾರ್ ಬಂತು. ಮನೆಯಲ್ಲಿ ಕೂತು ರೇಡಿಯೋ ಕೇಳಿ ಕೇಳಿ ತಾನೇ ನುಡಿಸಲು ಕಲಿತಳು.

1962ರಲ್ಲಿ, ಹದಿನೆಂಟನೇ ವಯಸ್ಸಿಗೆ, ಮೊದಲ ರೆಕಾರ್ಡು. ಆ ವರ್ಷ ಅಕ್ಟೋಬರ್ 28ರಂದು ಫ್ರಾನ್ಸಿನಲ್ಲಿ ಜನಮತ ಗಣನೆ ಇತ್ತು. ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕಾ ಅನ್ನುವುದು ಪ್ರಶ್ನೆ. ಫಲಿತಾಂಶಕ್ಕೆ ಇಡೀ ದೇಶ ಟಿವಿ ಮುಂದೆ ಕೂತಿತ್ತು. ನಡುವೆ ಬಿಡುವು ಸಿಕ್ಕಾಗ ಈ ಹುಡುಗಿಯ ಹಾಡು ಹಾಕಿದರು. ನನ್ನ ಓರಗೆಯವರೆಲ್ಲ ಜೋಡಿಯಾಗಿ ಓಡಾಡುತ್ತಾರೆ, ನಾನೊಬ್ಬಳೇ ನಡೆಯುತ್ತೇನೆ ಅನ್ನುವ ಹಾಡು. ಆ ರಾತ್ರಿಯಿಂದ ಆಕೆ ಮನೆಮಾತು.

ಹಾಗಾಗಿ ಒಂಟಿತನ ಆಕೆಗೆ 1971ರಲ್ಲಿ ಬಂದದ್ದಲ್ಲ, ಮೊದಲಿನಿಂದಲೂ ಇತ್ತು. 1971ರಲ್ಲಿ ಬಂದದ್ದು ತುಕಾ.

ತಂತಿ_ಬಿಗಿ

ತುಕಾ ಹೆಸರು ಬಂತಲ್ಲ, ಇನ್ನು ನನ್ನನ್ನು ಯಾರೂ ತಡೆಯಬೇಡಿ.

ಹದಿನೈದು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ಈ ಆಲ್ಬಮ್‌ನ ಅರ್ಧ ಜೀವ ಆ ಗಿಟಾರಿನಲ್ಲೇ ಇದೆ. ಅದನ್ನು ನುಡಿಸಿದವಳು, ಬಹುಪಾಲು ರಾಗ ಹಾಕಿದವಳು ತುಕಾ. ಬ್ರೆಜಿಲ್‌ನ ಸಾವೊ ಪಾವ್ಲೊ ಊರಿನವಳು, ಆರ್ದಿ ಹುಟ್ಟಿದ ವರ್ಷವೇ ಹುಟ್ಟಿದವಳು. ಬ್ರೆಜಿಲ್‌ನಲ್ಲಿ 1964ರಿಂದ ಮಿಲಿಟರಿ ಆಡಳಿತ. ಹಾಡುವವರು, ಬರೆಯುವವರು ಎಷ್ಟೋ ಜನ ಯುರೋಪಿಗೆ ಬಂದಿದ್ದ ಕಾಲ. ತುಕಾ ಪ್ಯಾರಿಸ್‌ನ ಒಂದು ಬ್ರೆಜಿಲಿಯನ್ ಹೋಟೆಲಿನಲ್ಲಿ ಹಾಡುತ್ತಿದ್ದಳು. ಒಬ್ಬ ಗೆಳತಿ ಆರ್ದಿಯನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಅಷ್ಟೇ ಪರಿಚಯ.

ಆಮೇಲಿನ ಕೆಲಸ ಕೇಳಿ. ಸುಮಾರು ಒಂದು ತಿಂಗಳು ಇಬ್ಬರೂ ದಿನಾ ಸೇರಿ ಅಭ್ಯಾಸ ಮಾಡಿದರು. ಆಗಿನ ಪಾಪ್ ಹಾಡಿನ ಪದ್ಧತಿಯೇ ಬೇರೆ. ವಾದ್ಯದವರು ಮೊದಲೇ ನುಡಿಸಿಟ್ಟಿರುತ್ತಾರೆ, ಗಾಯಕಿ ಬಂದು ಅದರ ಮೇಲೆ ಹಾಡಿ ಹೋಗುತ್ತಾಳೆ. ಇಲ್ಲಿ ಗಿಟಾರ್ ಮತ್ತು ದನಿ ಒಟ್ಟಿಗೆ ರೆಕಾರ್ಡ್ ಆದವು. ಹೆಡ್‌ಫೋನ್ ಹಾಕಿದರೆ ಗೊತ್ತಾಗುತ್ತದೆ. ಆರ್ದಿ ಉಸಿರು ತೆಗೆದುಕೊಂಡಾಗ ಗಿಟಾರ್ ಒಂದು ಕೂದಲೆಳೆ ಕಾಯುತ್ತದೆ. ಟಿಕ್ ಟಿಕ್ ಅಂತ ತಾಳ ಕೊಡುವ ಮೆಟ್ರೊನೋಮ್ ಇಟ್ಟುಕೊಂಡು ಇದನ್ನು ಮಾಡಲಾಗುವುದಿಲ್ಲ.

ನೈಲಾನ್ ತಂತಿ. ಹೆಬ್ಬೆರಳು ಕೆಳಗಿನ ಸ್ವರ ಹಿಡಿದು ನಡೆಯುತ್ತದೆ, ಉಳಿದ ಬೆರಳು ತಾಳಕ್ಕೆ ಸ್ವಲ್ಪ ಹಿಂದೆ ಮುಂದೆ ಬೀಳುತ್ತವೆ. ಬೋಸ್ಸಾ ನೋವಾ ಅನ್ನುವ ಬ್ರೆಜಿಲ್ ಸಂಗೀತದ ಪಾಠ ಇದು. ಬೋಸ್ಸಾ ನೋವಾ ಅಂದರೆ ಕಡಲ ತೀರ, ತೂಗುಮಂಚ ಅಂತ ನಮ್ಮ ತಲೆಯಲ್ಲಿದೆ ಅಲ್ವಾ? ತುಕಾ ಅದೇ ತೂಗಾಟವನ್ನು ಇಟ್ಟುಕೊಂಡು ಬಿಸಿಲನ್ನು ತೆಗೆದುಬಿಟ್ಟಳು. ಡ್ರಮ್ಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕೆಳಗೆ ಡಬಲ್ ಬಾಸ್. ಪಿಟೀಲುಗಳು ಆಮೇಲೆ ಸೇರಿದವು, ಅವನ್ನು ಹೊಂದಿಸಿದವರು ರೇಮೋಂ ದೊನ್ನೆ. ಶೀರ್ಷಿಕೆ ಹಾಡಿನಲ್ಲಿ ಆ ಪಿಟೀಲು ಬರುವ ರೀತಿ ನೋಡಿ. ಸಿನಿಮಾದಲ್ಲಿ ಅಳು ಬರಿಸಲು ತುಂಬಿಸುತ್ತಾರಲ್ಲ, ಹಾಗೆ ಬರುವುದಿಲ್ಲ. ಬಾಗಿಲ ಸಂದಿಯಿಂದ ಚಳಿ ನುಗ್ಗಿದ ಹಾಗೆ ಬರುತ್ತದೆ.

ನನ್ನ ಅಜ್ಜಿ ಒಂದು ಮಾತು ಹೇಳುತ್ತಿದ್ದಳು, ಮನೆ 'ಬಿಕೋ ಅನ್ನುತ್ತೆ' ಅಂತ. ಆಲ್ಬಮ್ ಪೂರ್ತಿ ಆ ಸದ್ದು ಇದೆ.

ನೇರ_ಮಾತು

ಗಿಟಾರ್ ಚೆನ್ನಾಗಿದೆ, ಒಪ್ಪಿದೆ. ಆದರೆ ಇಲ್ಲಿ ಯಾರೂ ಹೇಳದ ಮಾತು ನಾನು ಹೇಳುತ್ತೇನೆ. ಈ ದುಃಖ ನನಗೆ ಸ್ವಲ್ಪ ಶೋಕಿ ಅನ್ನಿಸುತ್ತದೆ. ಆಕೆ ದೊಡ್ಡ ತಾರೆ. 1968ರಲ್ಲಿ ಫ್ಯಾಷನ್ ವಿನ್ಯಾಸಕ ಪಾಕೋ ರಬಾನ್ ಚಿನ್ನದ ಬಿಲ್ಲೆ, ವಜ್ರ ಪೋಣಿಸಿ ಉಡುಪು ಮಾಡಿ ತೊಡಿಸಿದ್ದು ಈಕೆಗೇ. ಅಮೆರಿಕದ ಹಾಡುಗಾರ ಬಾಬ್ ಡಿಲನ್ 1964ರಲ್ಲಿ ತನ್ನ ಆಲ್ಬಮ್‌ನ ಹಿಂಬದಿಯಲ್ಲಿ ಈಕೆಯ ಹೆಸರಿಗೆ ಪದ್ಯ ಬರೆದ. ಅಂಥವಳು ಮೈಕ್ ಹತ್ತಿರ ಬಾಯಿಟ್ಟು 'ನಾನು ಒಂಟಿ' ಅಂದರೆ, ಹೊಲದಲ್ಲಿ ಮಳೆ ಕಾಯುವವನು ಏನನ್ನಬೇಕು? ಹನ್ನೆರಡು ಹಾಡೂ ಒಂದೇ ಮುಖ ಮಾಡಿಕೊಂಡು ಕೂತಿವೆ. ಐದನೆಯದಕ್ಕೆ ನಾನು ಚಹಾ ಮಾಡಲು ಎದ್ದುಹೋದೆ.

ಹಳೇ_ಕ್ಯಾಸೆಟ್

ನೇರ ಮಾತು ಅವರೇ, ಒಂದೇ ಮುಖ ಅನ್ನುವುದು ಸುಳ್ಳಲ್ಲ. ನನಗೂ 'ಲೆ ಮಾರ್ಸಿಯಾಂ' ಹಾಡು ಅಷ್ಟಾಗಿ ಹಿಡಿಸುವುದಿಲ್ಲ, ನಡುವಲ್ಲಿ ಸ್ವಲ್ಪ ಜೋಲು ಬೀಳುತ್ತದೆ.

ಶೋಕಿ ಅನ್ನುವುದನ್ನು ಒಪ್ಪುವುದಿಲ್ಲ. ಶೋಕಿಯವರಿಗೆ ನೋಡುವವರು ಬೇಕು. ಈಕೆ ವೇದಿಕೆ ಹತ್ತಲು ಹೆದರುತ್ತಿದ್ದಳು. 1968ರಲ್ಲಿ ಕಛೇರಿ ಕೊಡುವುದನ್ನೇ ಬಿಟ್ಟಳು. ವಯಸ್ಸು ಇಪ್ಪತ್ನಾಲ್ಕು, ಬೇಡಿಕೆ ಆಕಾಶದಲ್ಲಿದೆ, ಆಗ. ಅಜ್ಜಿ ಚಿಕ್ಕಂದಿನಲ್ಲಿ 'ನೀನು ಚೆನ್ನಾಗಿಲ್ಲ' ಅಂತ ಹೇಳಿ ಹೇಳಿ ತಲೆಗೆ ತುಂಬಿದ್ದಳಂತೆ, ಆತ್ಮಕಥೆಯಲ್ಲಿ ಬರೆದಿದ್ದಾಳೆ. ಊರೆಲ್ಲ ಹೊಗಳಿದರೂ ಅದು ಹೋಗಲಿಲ್ಲ.

ಇನ್ನೊಂದು, ಈ ಆಲ್ಬಮ್ ಮಾರಾಟವಾಗಲಿಲ್ಲ. ವಿಮರ್ಶಕರು ಮೆಚ್ಚಿದರು, ಜನ ಕೊಳ್ಳಲಿಲ್ಲ. ಹಳೇ ಒಪ್ಪಂದದಿಂದ ಹೊರಬಂದು 'ಇಪೊಪೊತಾಮ್' ಅಂತ ಸ್ವಂತ ಸಂಸ್ಥೆ ಕಟ್ಟಿಕೊಂಡಿದ್ದಳು, ನೀರಾನೆಯ ಹೆಸರು. ಹಾಗಾಗಿ ತನಗೆ ಬೇಕಾದ್ದನ್ನು ಮಾಡುವ ಸ್ವಾತಂತ್ರ್ಯ ಇತ್ತು. ದುಡ್ಡು ಬರಲಿಲ್ಲ. ಹಿಂದಿನ ಧಾಟಿಯ ಕುಣಿಯುವ ಹಾಡು ನಾಲ್ಕು ಹಾಕಿದ್ದರೆ ಮಾರಾಟ ಆಗುತ್ತಿತ್ತೇನೋ. ಮಾಡಲಿಲ್ಲ. ಮುಂದೆ ಕೊನೆಯವರೆಗೂ ತನಗೆ ಇಷ್ಟವಾದ ಕೆಲಸಗಳಲ್ಲಿ ಇದನ್ನು ಹೇಳುತ್ತಿದ್ದಳು.

ಅಂದ ಹಾಗೆ ಮೊದಲು ಬಂದಾಗ ಆಲ್ಬಮ್‌ಗೆ ಹೆಸರೇ ಇರಲಿಲ್ಲ. ಮುಖಪುಟದಲ್ಲಿ ಆಕೆಯ ಹೆಸರು ಮಾತ್ರ. 'ಲಾ ಕೆಸ್ತಿಯೋಂ', ಅಂದರೆ 'ಪ್ರಶ್ನೆ', ಆ ಹಾಡಿನಿಂದ ಆಮೇಲೆ ಅಂಟಿಕೊಂಡದ್ದು.

ಪಿಯುಸಿ_ಫ್ರೆಂಚ್

ನನ್ನ ಹೆಸರಲ್ಲೇ ನನ್ನ ಯೋಗ್ಯತೆ ಇದೆ. ಕನ್ನಡಕ್ಕಿಂತ ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ಅಪ್ಪ ಫ್ರೆಂಚ್ ತೆಗೆಸಿದರು. ತೊಂಬತ್ತಾರು ಬಂತು. ಪ್ಯಾರಿಸ್‌ನಲ್ಲಿ ಬಿಟ್ಟರೆ ಬ್ರೆಡ್ ಕೂಡ ಕೇಳಲು ಬರುತ್ತಿರಲಿಲ್ಲ. ಆಮೇಲೆ ಹಟ ಹಿಡಿದು ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಮತ್ತೆ ಮೊದಲಿನಿಂದ ಕಲಿತೆ. ಈ ಆಲ್ಬಮ್‌ನ ಸಾಹಿತ್ಯ ಬಿಡಿಸಿ ಓದುವ ಮಟ್ಟಿಗೆ ಈಗ ಬರುತ್ತದೆ.

ಸೀಟು ಅವರೇ, ನಿಮ್ಮ ಖಾತ್ರಿಯನ್ನು ಸ್ವಲ್ಪ ಅಲ್ಲಾಡಿಸುತ್ತೇನೆ. ಇದು ನೆನಪಿನ ಆಲ್ಬಮ್ ಅಂದಿರಿ, ಯಾರೋ ಬಿಟ್ಟುಹೋದ ಮೇಲಿನದ್ದು ಅಂದಿರಿ. ಮೊದಲ ಹಾಡಿನ ಹೆಸರು 'ವ್ಯಾಂ', ಅಂದರೆ 'ಬಾ'. 'ಮೆಮ್ ಸೂ ಲಾ ಪ್ಲುಯಿ' ಅಂದರೆ 'ಮಳೆಯಲ್ಲೂ', ಅದರಲ್ಲಿ ಕಾಯುತ್ತಾ ನಿಂತಿದ್ದಾಳೆ. ಶೀರ್ಷಿಕೆ ಹಾಡನ್ನು ಆರ್ದಿಯೇ ಬರೆದದ್ದು. ಅದರಲ್ಲಿ ಆತ ಎಲ್ಲೂ ಹೋಗಿಲ್ಲ. ಎದುರಿಗೇ ಇದ್ದಾನೆ. ಅವನು ಯಾರು ಅಂತ ಇವಳಿಗೆ ಗೊತ್ತಾಗುತ್ತಿಲ್ಲ. ಅವನ ಮೌನ ಬಂದು ಇವಳ ಮೌನವನ್ನು ಕದಡುತ್ತಿದೆ. ಕೊನೆಗೆ ಅವನನ್ನೇ ಉತ್ತರವಿಲ್ಲದ ಪ್ರಶ್ನೆ ಅನ್ನುತ್ತಾಳೆ.

ಅಂದರೆ ಕಳೆದುಕೊಂಡ ಹಾಡು ಇಲ್ಲಿ ಕಡಿಮೆ. ಇರುವವನಿಗಾಗಿ ಕಾಯುವ ಹಾಡು ಜಾಸ್ತಿ. ಹಿಂದೆ ಹೀಗಿತ್ತು, ಹಾಗಿತ್ತು ಅನ್ನುವುದು ಬಹಳ ಕಡಿಮೆ.

ಒಂದು ಭಾಷೆಯ ವಿಷಯ, ಬೋರ್ ಆದರೆ ಬಿಟ್ಟುಬಿಡಿ. ಫ್ರೆಂಚ್‌ನಲ್ಲಿ ಯಾರದಾದರೂ ನೆನಪು ಕಾಡಿದರೆ 'ತು ಮೆ ಮಾಂಕ್' ಅನ್ನುತ್ತಾರೆ. ಪದಕ್ಕೆ ಪದ ಹಿಡಿದರೆ 'ನೀನು ನನಗೆ ಕೊರತೆಯಾಗಿದ್ದೀಯ'. ವಾಕ್ಯದಲ್ಲಿ ಕೆಲಸ ಮಾಡುವವನು ಅಲ್ಲಿಲ್ಲದ ಮನುಷ್ಯ. ಇಂಗ್ಲಿಷ್ ಕಲಿತವರಿಗೆ ಇದು ತಿರುಗಾಮುರುಗಾ ಅನ್ನಿಸುತ್ತದೆ. ನನ್ನ ಕ್ಲಾಸಿನವರೆಲ್ಲ ತಪ್ಪು ಮಾಡುತ್ತಿದ್ದರು. ನನಗೆ ಸಲೀಸಾಗಿ ಬಂತು. ನಾವೂ 'ನನಗೆ ನಿನ್ನ ನೆನಪಾಗುತ್ತೆ' ಅನ್ನುವವರಲ್ಲವಾ. ನಾನು ಮಾಡುವುದೇನೂ ಇಲ್ಲ, ನೆನಪು ತಾನೇ ಬಂದು ಆಗುತ್ತದೆ.

ಕಿಟಕಿ_ಪಕ್ಕದ_ಸೀಟು

ಅಯ್ಯೋ. ಹಾಗಾದರೆ ನಾಲ್ಕು ಸಲ ಕೇಳಿ ತಪ್ಪು ತಿಳಿದುಕೊಂಡೆನಾ? ಹಗಲಲ್ಲೂ ಕೇಳಿದೆ, ನೇರ ಮಾತು ಹೇಳಿದ ಹಾಗೆ. ಬಟ್ಟೆ ಇರಲಿಲ್ಲ, ಪಾತ್ರೆ ತೊಳೆಯುತ್ತಿದ್ದೆ. ಕೆಲಸ ಮಾಡಿತು. ಆದರೆ ಬೇರೆ ಥರ. ಬಸ್ಸಿನಲ್ಲಿ ಆಕೆ ನನಗೆ ಹೇಳುತ್ತಿದ್ದಾಳೆ ಅನ್ನಿಸಿತ್ತು. ಈಗ ಯಾರಿಗೋ ಹೇಳುತ್ತಿದ್ದಾಳೆ, ಅವನು ಕೇಳಿಸಿಕೊಳ್ಳುತ್ತಿಲ್ಲ ಅನ್ನಿಸಿತು.

ಯಾರಿಗೆ?

ಹಳೇ_ಕ್ಯಾಸೆಟ್

ಗುಟ್ಟೇನಲ್ಲ, ಆಕೆಯೇ ಬರೆದುಕೊಂಡಿದ್ದಾಳೆ. ಜಾಕ್ ದ್ಯುತ್ರೋಂ. ಅವನೂ ಹಾಡುಗಾರ, ಆಮೇಲೆ ನಟ. 1967ರಿಂದ ಜೊತೆ. ಜೊತೆ ಅಂದರೂ ಬೇರೆ ಬೇರೆ ಮನೆ. ಯಾವಾಗ ಬರುತ್ತಾನೆ, ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಇವಳು ಕಾಯುವುದು. 1973ರಲ್ಲಿ ಮಗ ತೊಮಾ ಹುಟ್ಟಿದ. 1981ರಲ್ಲಿ ಮದುವೆ. ಕೊನೆಯ ವರ್ಷಗಳಲ್ಲಿ ಅವನು ಕೋರ್ಸಿಕಾ ದ್ವೀಪದಲ್ಲಿ, ಇವಳು ಪ್ಯಾರಿಸ್‌ನಲ್ಲಿ. ವಿಚ್ಛೇದನ ಮಾತ್ರ ಆಗಲಿಲ್ಲ.

ಆತ್ಮಕಥೆ ಬಂದದ್ದು 2008ರಲ್ಲಿ. ಅದರ ಹೆಸರಿನ ಮೊದಲ ಭಾಗಕ್ಕೆ 'ಮಂಗಗಳ ಹತಾಶೆ' ಅನ್ನುವ ಅರ್ಥ. ಫ್ರೆಂಚರು ಒಂದು ಮರಕ್ಕೆ ಇಟ್ಟ ಹೆಸರದು. ಎಲೆಗಳು ಚೂಪು, ಮಂಗ ಕೂಡ ಹತ್ತಲಾರದು. ಪ್ಯಾರಿಸ್‌ನ ಬಗಾತೆಲ್ ಉದ್ಯಾನದಲ್ಲಿ ಆಕೆ ನೋಡುತ್ತಿದ್ದ ಮರವಂತೆ. ನಮ್ಮ ಲಾಲ್‌ಬಾಗ್‌ನಲ್ಲಿ ಎತ್ತರಕ್ಕೆ ನಿಂತಿರುವ ಅರಾಕೇರಿಯಾ ಮರಗಳು ಇದರ ದಾಯಾದಿಗಳು. ವಿಷಯಾಂತರ, ಕ್ಷಮಿಸಿ.

ನೇರ_ಮಾತು

ಹಾಗಾದರೆ ಇನ್ನೂ ಸಿಟ್ಟು ಬರುತ್ತದೆ. ಬರದವನಿಗೆ ಬಾಗಿಲು ಹಾಕಿಕೊಂಡು ಮಲಗುವುದು ಬಿಟ್ಟು ಆಲ್ಬಮ್ ಮಾಡಿದಳಾ?

ತಂತಿ_ಬಿಗಿ

ಗುರು, ಬಾಗಿಲು ಹಾಕಿಕೊಂಡು ಮಲಗಿದ್ದರೆ ನಮಗೆ ಆ ಗಿಟಾರ್ ಎಲ್ಲಿ ಸಿಗುತ್ತಿತ್ತು.

ತುಲೂಸ್_ಮಳೆ

ನಾನು ಏಳು ವರ್ಷದಿಂದ ತುಲೂಸ್‌ನಲ್ಲಿದ್ದೇನೆ, ಮೂಲ ಹಾಸನ. ಈ ಚರ್ಚೆ ನೋಡಿ ಒಂದು ದಿನ ನೆನಪಾಯಿತು.

2024ರ ಜೂನ್ 11. ಮಗ ತೊಮಾ ದ್ಯುತ್ರೋಂ ತಾಯಿಯ ಜೊತೆಗಿನ ಹಳೇ ಫೋಟೋ ಹಾಕಿ ಫ್ರೆಂಚ್‌ನಲ್ಲಿ ಮೂರು ಪದ ಬರೆದಿದ್ದ. 'ಅಮ್ಮ ಹೋದರು' ಅಂತಷ್ಟೇ. ಮರುದಿನ ಬೆಳಿಗ್ಗೆ ರೇಡಿಯೋದಲ್ಲಿ ಆಕೆಯ ಹಾಡೇ. ನಾನು ದಿನಾ ಬ್ರೆಡ್ ತರುವ ಅಂಗಡಿಯ ಹೆಂಗಸು ಸಾಮಾನ್ಯವಾಗಿ ಬಾಯಿ ಮುಚ್ಚುವವಳಲ್ಲ. ಅವತ್ತು ರೇಡಿಯೋ ಸ್ವಲ್ಪ ಜೋರು ಮಾಡಿ ಸುಮ್ಮನೆ ಚಿಲ್ಲರೆ ಕೊಟ್ಟಳು. ನನ್ನ ಹಿಂದೆ ನಿಂತಿದ್ದ ವಯಸ್ಸಾದವರು ತುಟಿ ಅಲ್ಲಾಡಿಸುತ್ತಾ ಹಾಡಿನ ಜೊತೆ ಪದ ಹೇಳುತ್ತಿದ್ದರು. ನನಗೆ ಹಾಡು ಗೊತ್ತಿರಲಿಲ್ಲ. ಹೊರಗೆ ಬಂದವನು ಎರಡು ನಿಮಿಷ ಸುಮ್ನೆ ನಿಂತಿದ್ದೆ.

ಆಕೆಯ ಕೊನೆಯ ವರ್ಷಗಳು ಬಹಳ ಕಷ್ಟದ್ದು. 2004ರಲ್ಲಿ ಲಿಂಫೋಮಾ, ಅಂದರೆ ಒಂದು ಬಗೆಯ ಕ್ಯಾನ್ಸರ್, ಅಂತ ಗೊತ್ತಾಯಿತು. ಆಮೇಲೆ ವಿಕಿರಣ ಚಿಕಿತ್ಸೆಯಿಂದ ಬಾಯಿ ಒಣಗಿ, ಹಾಡುವುದು ಸಾಧ್ಯವಿಲ್ಲ ಅಂತ 2021ರಲ್ಲಿ ಹೇಳಿದಳು. ದಯಾಮರಣಕ್ಕೆ ಅವಕಾಶ ಕೊಡಿ ಅಂತ 2023ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಮಾಕ್ರೋಂಗೆ ಬಹಿರಂಗ ಪತ್ರ ಬರೆದಳು. ಅದರ ನಡುವೆಯೂ 2018ರಲ್ಲಿ ಒಂದು ಆಲ್ಬಮ್ ತಂದಳು, 'ಪೆರ್ಸೊನ್ ದೋತ್ರ್', 'ಬೇರೆ ಯಾರೂ ಇಲ್ಲ' ಅಂತ. ಅದೇ ಕೊನೆಯದು. ಸೀಟು ಅವರೇ, ನಿಮಗೆ ನೆನಪಿನ ಆಲ್ಬಮ್ ಬೇಕಿದ್ದರೆ ಅದು. ಎಪ್ಪತ್ನಾಲ್ಕನೇ ವಯಸ್ಸಿನ ದನಿ. ಅದರಲ್ಲಿ ಕಾಯುವುದಿಲ್ಲ, ಹಿಂತಿರುಗಿ ನೋಡುತ್ತಾಳೆ. ಎರಡನ್ನೂ ಒಂದೇ ಸಂಜೆ ಕೇಳಿ.

ಪಿಯುಸಿ_ಫ್ರೆಂಚ್

ಎರಡರ ನಡುವೆ ಒಂದು ಹಾಡು ಸೇರಿಸಬಹುದಾ? ಆಲ್ಬಮ್ ಬೇರೆ, 1973ರ 'ಮೆಸಾಜ್ ಪೆರ್ಸೊನೆಲ್'. ಹಾಡುಗಾರ, ರಾಗ ಹಾಕುವವನು ಮಿಶೆಲ್ ಬೆರ್ಜೆ ಜೊತೆ ಮಾಡಿದ್ದು. ಶುರುವಿನಲ್ಲಿ ಆರ್ದಿ ಹಾಡುವುದಿಲ್ಲ, ಫೋನ್ ಹಿಡಿದು ಮಾತಾಡುತ್ತಾಳೆ, ಅದು ಅವಳೇ ಬರೆದ ಭಾಗ. ಅಲ್ಲಿ ಆತನಿಗೆ 'ವೂ' ಅನ್ನುತ್ತಾಳೆ, ಅಂದರೆ 'ನೀವು'. ಹಾಡು ಎದ್ದ ಕೂಡಲೇ 'ತು', 'ನೀನು'. ಹೇಳಲು ಧೈರ್ಯವಿಲ್ಲದ ತನಕ ಬಹುವಚನ, ಹಾಡಿನೊಳಗೆ ಹೋದ ಮೇಲೆ ಏಕವಚನ. ಇಂಗ್ಲಿಷ್‌ಗೆ ತಂದರೆ ಇದು ಪೂರ್ತಿ ಅಳಿಸಿಹೋಗುತ್ತದೆ. ಕನ್ನಡದಲ್ಲಿ ವಿವರಿಸುವುದೇ ಬೇಡ. 'ನೀವು ಊಟ ಮಾಡಿದಿರಾ'ಗೂ 'ಊಟ ಆಯ್ತಾ ನಿಂದು'ಗೂ ನಡುವೆ ಎಷ್ಟು ವರ್ಷ ಬೇಕು ಅಂತ ನಮಗೆ ಗೊತ್ತು.

'ಲಾ ಕೆಸ್ತಿಯೋಂ'ನಲ್ಲಿ ಇನ್ನೊಂದಿದೆ, 'ಮೆರ್'. 'ಕಡಲು' ಅಂತ ಅರ್ಥ. ಕಡಲಿಗೂ ತಾಯಿಗೂ ಫ್ರೆಂಚ್‌ನಲ್ಲಿ ಬರೆಯುವಾಗ ಅಕ್ಷರ ಬೇರೆ, ಕಿವಿಗೆ ಎರಡೂ ಒಂದೇ. ಆಕೆ ಕಡಲಿನೊಳಗೆ ಇಳಿದು ಮಲಗಬೇಕು ಅನ್ನುವಾಗ ಕೇಳುವವನು ಯಾವುದನ್ನು ಕೇಳಿಸಿಕೊಳ್ಳಬೇಕು?

ಮಧ್ಯಾಹ್ನದ_ರೇಡಿಯೋ

ಮಕ್ಕಳೇ, ನಾನು ಇಲ್ಲಿ ಬರೆಯುವುದು ಕಡಿಮೆ, ಓದುವುದು ಜಾಸ್ತಿ. ಟೈಪ್ ಮಾಡುವುದು ನಿಧಾನ, ತಪ್ಪಿದ್ದರೆ ಸಹಿಸಿಕೊಳ್ಳಿ. ಅರವತ್ತೆಂಟು ವರ್ಷ. ಕುಂದಾಪುರದ ಹತ್ತಿರ ಮನೆ. ಮಗಳು ಇಯರ್‌ಫೋನ್ ಕೊಟ್ಟು ಹೋಗಿದ್ದಾಳೆ. ನೀವು ಇಷ್ಟು ಜಗಳ ಮಾಡುತ್ತಿದ್ದೀರಿ ಅಂತ ಮಧ್ಯಾಹ್ನ ಊಟ ಆದ ಮೇಲೆ ಹಾಕಿಕೊಂಡು ಕೇಳಿದೆ.

ಇವರು ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು, ಇಪ್ಪತ್ತೆರಡು ವರ್ಷ. ವರ್ಷಕ್ಕೊಮ್ಮೆ ಬರುವುದು. ಆಗ ಮನೆ ಬಿಕೋ ಅನ್ನುತ್ತಿತ್ತು, ತಂತಿಯ ತಮ್ಮ ಬರೆದ ಹಾಗೆ. ಆದರೆ ಪತ್ರ ಬರುತ್ತಿತ್ತು. ಎರಡು ಪುಟ, ಕೆಲವು ಸಲ ಮೂರು. ಯಾವ ಭಟ್ಟರು ಯಾರ ಮೇಲೆ ಕೂಗಾಡಿದರು, ಲೋಕಲ್ ಟ್ರೈನಿನಲ್ಲಿ ಯಾರ ಚಪ್ಪಲಿ ಹೋಯಿತು, ಎಲ್ಲ ಬರೆಯುತ್ತಿದ್ದರು. ನಾನು ನಗುತ್ತಿದ್ದೆ. ಅತ್ತೆ ಅಡುಗೆಮನೆಯಿಂದ ಏನಂತೆ ಏನಂತೆ ಅಂತ ಕೇಳುತ್ತಿದ್ದರು.

ಈಗ ಊರಲ್ಲೇ ಇದ್ದಾರೆ, ಹದಿನೈದು ವರ್ಷ ಆಯಿತು. ಜಗಲಿಯಲ್ಲಿ ಕೂತಿರುತ್ತಾರೆ. ಪೇಪರ್ ಓದುತ್ತಾರೆ. ಒಳ್ಳೆಯ ಮನುಷ್ಯ, ಕುಡಿತ ಇಲ್ಲ, ಕೋಪ ಇಲ್ಲ. ಮಾತೂ ಇಲ್ಲ. ಪತ್ರ ಬರೆಯುತ್ತಿದ್ದವರು ಇವರೇನಾ ಅಂತ ಕೆಲವು ಸಲ ಅನ್ನಿಸುತ್ತದೆ. ಬಿಕೋ ಅನ್ನಲಿಕ್ಕೆ ಮನೆಯಲ್ಲಿ ಯಾರೂ ಇಲ್ಲದಿರಬೇಕು ಅಂತೇನೂ ಇಲ್ಲ ಮಾರಾಯರೇ.

ಅವಳು ಹೇಳುವ ಒಂದು ಅಕ್ಷರವೂ ನನಗೆ ಗೊತ್ತಾಗಲಿಲ್ಲ. ಪಿಯುಸಿಯ ಮಗು ಬರೆದದ್ದನ್ನು ಹಾಡು ಕೇಳಿದ ಮೇಲೆ ಓದಿದೆ. ಓದಿ ಇನ್ನೊಮ್ಮೆ ಕೇಳಿದೆ.

ನೇರ ಮಾತಿನ ತಮ್ಮಾ, ನೀನು ಕೇಳಿದ್ದು ಸರಿ. ಬಾಗಿಲು ಹಾಕಿಕೊಂಡು ಮಲಗಬಹುದಿತ್ತು. ಒಳಗೇ ಇರುವವರಿಗೆ ಬಾಗಿಲು ಹಾಕುವುದು ಹೇಗೆ?

ನೇರ_ಮಾತು

ಅಮ್ಮ, ನಾನು ಏನೂ ಹೇಳುವುದಿಲ್ಲ. ಶೋಕಿ ಅಂದದ್ದು ವಾಪಸ್.

ಬೋರ್ ಅಂದದ್ದು ವಾಪಸ್ ಇಲ್ಲ.

ಕಿಟಕಿ_ಪಕ್ಕದ_ಸೀಟು

ಅಮ್ಮ, ಆ ಪತ್ರಗಳು ಇನ್ನೂ ಇವೆಯಾ?

ಮಧ್ಯಾಹ್ನದ_ರೇಡಿಯೋ

ಇವೆ. ಟ್ರಂಕಿನಲ್ಲಿ. ಗೆದ್ದಲು ಸ್ವಲ್ಪ ತಿಂದಿದೆ.

ಹಳೇ_ಕ್ಯಾಸೆಟ್

ಅಮ್ಮ ಬರೆದದ್ದರ ಮೇಲೆ ನಾನು ಸೇರಿಸುವುದು ಏನೂ ಇಲ್ಲ. ಒಂದು ಮಾಹಿತಿ ಮಾತ್ರ. ಕೊನೆಯ ಹಾಡು 'ರೆವ್', ಅಂದರೆ 'ಕನಸು', ಅದು ತುಕಾಳ ರಾಗ ಅಲ್ಲ. ಬ್ರೆಜಿಲ್‌ನ ತೈಗ್ವಾರಾ ಅನ್ನುವವನ ಹಾಡಿಗೆ ಫ್ರೆಂಚ್ ಮಾತು ಹಾಕಿದ್ದು. ಅಲ್ಲಿನ ಮಿಲಿಟರಿ ಸರ್ಕಾರದ ಸೆನ್ಸಾರ್‌ನವರು ತೈಗ್ವಾರಾನ ಹಾಡುಗಳನ್ನು ಬಹಳ ಕಾಡಿದರು. ತನ್ನ ದೇಶದಲ್ಲಿ ಬಾಯಿ ಕಟ್ಟಿಸಿಕೊಂಡವನ ಹಾಡು ಪ್ಯಾರಿಸ್‌ನಲ್ಲಿ ಪಿಸುಮಾತಾಯಿತು.

ತಂತಿ_ಬಿಗಿ

ಎಲ್ಲರೂ ಆರ್ದಿ, ದ್ಯುತ್ರೋಂ ಅಂತಲೇ ಮಾತಾಡುತ್ತಿದ್ದೀರಿ. ಮುಖಪುಟದಲ್ಲೂ ಅದೇ ಆಯಿತು, ಇಲ್ಲೂ ಅದೇ. ಈ ಆಲ್ಬಮ್‌ನಲ್ಲಿ ನಿಜವಾಗಿ ಕಾಣೆಯಾದವಳು ತುಕಾ ಅಲ್ವಾ?

ಅದೇ 1971ರಲ್ಲಿ, ಅದೇ ಪ್ಯಾರಿಸ್‌ನಲ್ಲಿ ನಾರಾ ಲೆಯಾಂವ್ ಕೂಡ ಇದ್ದಳು. ಬೋಸ್ಸಾ ನೋವಾದ ದೊಡ್ಡ ಹೆಸರು. ಹಳೇ ಬೋಸ್ಸಾ ನೋವಾ ಹಾಡುಗಳನ್ನು ಅವಳು ಮತ್ತೆ ರೆಕಾರ್ಡ್ ಮಾಡಿದಾಗ ಗಿಟಾರ್ ಹಿಡಿದದ್ದೂ ತುಕಾನೇ. ಒಂದೇ ವರ್ಷ, ಇಬ್ಬರು ಹೆಣ್ಣುಮಕ್ಕಳ ಎರಡು ಅಪರೂಪದ ಆಲ್ಬಮ್, ಹಿಂದೆ ಅದೇ ಬೆರಳು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ನಿಮಗೇ ಗೊತ್ತಾಗುತ್ತದೆ. ಹೆಬ್ಬೆರಳಿನ ನಡಿಗೆ ಗುರುತು ಸಿಗುತ್ತದೆ, ಕತ್ತಲಲ್ಲಿ ಮನೆಯವರ ಹೆಜ್ಜೆ ಸಪ್ಪಳ ಗುರುತು ಸಿಕ್ಕ ಹಾಗೆ.

ಆಮೇಲೆ ಬ್ರೆಜಿಲ್‌ಗೆ ವಾಪಸ್ ಹೋದಳು. 1978ರಲ್ಲಿ ತೀರಿಹೋದಳು. ಮೂವತ್ತಮೂರು ವರ್ಷ. ಆರ್ದಿ ಎಂಬತ್ತು ವರ್ಷ ಬದುಕಿದಳು. ಈ ಆಲ್ಬಮ್ ಬಗ್ಗೆ ಕೇಳಿದಾಗಲೆಲ್ಲ ತುಕಾ ಹೆಸರು ಹೇಳುತ್ತಿದ್ದಳು, ಅದು ಅವಳ ದೊಡ್ಡತನ.

'ದ್ವಾ' ಅಂತ ಒಂದು ಪುಟ್ಟ ಹಾಡಿದೆ. ಹೆಸರಿನ ಅರ್ಥ 'ಬೆರಳುಗಳು'. ಅದು ಬಂದಾಗಲೆಲ್ಲ ಯಾರ ಬೆರಳು ಅಂತ ನನ್ನೊಳಗೆ ನಾನೇ ತೀರ್ಮಾನ ಮಾಡಿಬಿಟ್ಟಿದ್ದೇನೆ. ತಪ್ಪಿರಬಹುದು.

ತುಲೂಸ್_ಮಳೆ

ಹೊಸಬರಿಗೆ ಒಂದು ಸಲಹೆ. 'ಶಾಂಸೋಂ ದೋ' ಹಾಡಿನಿಂದ ಶುರು ಮಾಡಿ. ಮಾತು ಬಹಳ ಕಡಿಮೆ, ಹೆಚ್ಚಾಗಿ ಗುನುಗು. ಫ್ರೆಂಚ್ ಬರುವವರಿಗೂ ಬರದವರಿಗೂ ಒಂದೇ ದೂರ.

ಮಧ್ಯಾಹ್ನದ_ರೇಡಿಯೋ

ತಂತಿಯ ತಮ್ಮಾ, ಆ ಹುಡುಗಿ ತಾನೇ ಹಾಡಿದ್ದು ಏನಾದರೂ ಇದೆಯಾ? ಅವಳ ದನಿ ಕೇಳಬೇಕು.

ತಂತಿ_ಬಿಗಿ

ಇದೆ ಅಮ್ಮ. 1974ರದ್ದು, 'ಡ್ರಾಕುಲಾ ಐ ಲವ್ ಯೂ'. ಹೆಸರು ನೋಡಿ ಹೆದರಬೇಡಿ. 'ಲಾ ಕೆಸ್ತಿಯೋಂ' ಥರ ಅಲ್ಲವೇ ಅಲ್ಲ, ಮೊದಲೇ ಹೇಳಿರುತ್ತೇನೆ. ವಾಲ್ಯೂಮ್ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ.

ಮಧ್ಯಾಹ್ನದ_ರೇಡಿಯೋ (ಎರಡು ದಿನದ ನಂತರ)

ಕೇಳಿದೆ. ವಾಲ್ಯೂಮ್ ಕಡಿಮೆ ಮಾಡಲಿಲ್ಲ. ಇಯರ್‌ಫೋನಿನ ತಂತಿ ಕಿತ್ತುಬಂದು ಹೊರಗೇ ಕೇಳಿಸಿತು. ಜಗಲಿಯಿಂದ ಇವರು 'ಎಂತ ಅದು?' ಅಂತ ಕೇಳಿದರು. ಬ್ರೆಜಿಲ್‌ನ ಹುಡುಗಿ ಅಂದೆ. 'ಹೂಂ' ಅಂದರು.

ಅವಳು ಜಗಳಗಂಟಿಯ ಹಾಗೆ ಹಾಡುತ್ತಾಳೆ. ನನಗೆ ಇಷ್ಟವಾದಳು.